ಚೆಗು ಅವರ ನಾಲ್ಕನೆಯ ಆಲ್ಟರ್ನೇಟರ್

ಕುವಾ ಪೇಟೆಯಲ್ಲಿ ದೋಣಿ ರಿಪೇರಿಯವರು ನಾವು ಮೂರು ಜನ. ಇಂಜಿನ್ನಿಗೆ ಲಿಯೊಂಗ್, ಫ್ರಿಜ್ಜಿಗೆ ಸಬ್ರಿ, ಕರೆಂಟಿನ ಕೆಲಸಕ್ಕೆ ನಾನು, ರಶ್ದಾನ್. ಹಿಂದಿನಿಂದ ಒಬ್ಬರನ್ನೊಬ್ಬರು ಬೈದುಕೊಂಡು, ಎದುರಿಗೆ ಸಿಕ್ಕಾಗ ಚಹಾ ಕುಡಿಸಿಕೊಂಡು ಇಪ್ಪತ್ತು ವರ್ಷ ಕಳೆದಿದ್ದೇವೆ. ನಮ್ಮ ಲಂಕಾವಿ ದ್ವೀಪಕ್ಕೆ ಬಂದು ಲಂಗರು ಹಾಕುವ ಹಾಯಿದೋಣಿಗಳಲ್ಲಿ ಕೆಟ್ಟದ್ದನ್ನೆಲ್ಲ ಸರಿಮಾಡುವುದು ನಾವೇ. ಹೊರದೇಶದವರ ದೋಣಿಯಾದರೆ 'ಇದನ್ನು ಕೆಡಿಸಿದ್ದು ನೀವೇ' ಎಂದು ಮುಖಕ್ಕೆ ಹೇಳಲು ನಮಗೆ ಯಾವ ಅಳುಕೂ ಇಲ್ಲ. ಹೇಳುವಾಗ ಸ್ವಲ್ಪ ಖುಷಿಯೂ ಆಗುತ್ತದೆ.

ಚೆಗು ಬಹರೊಮ್ ಅವರ ವಿಷಯ ಬೇರೆ. ಚೆಗು ಅಂದರೆ ಮೇಷ್ಟ್ರು. ನಮ್ಮಲ್ಲಿ ಒಮ್ಮೆ ಚೆಗು ಆದವರು ಸಾಯುವ ತನಕ ಚೆಗುವೇ. ಮೀನು ಮಾರುವವನಿಂದ ಹಿಡಿದು ಪೊಲೀಸ್ ಇನ್ಸ್‌ಪೆಕ್ಟರ್ ತನಕ ಎಲ್ಲರೂ ಅವರನ್ನು ಹಾಗೇ ಕರೆಯುತ್ತಾರೆ, ಕರೆಯುವಾಗ ಬೆನ್ನು ತಾನಾಗಿಯೇ ಒಂದಿಷ್ಟು ಬಗ್ಗುತ್ತದೆ. ಮೂವತ್ತೊಂದು ವರ್ಷ ಅವರು ಇಲ್ಲಿನ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿದರು. ನನ್ನನ್ನು ಎರಡು ಸಲ ಫೇಲು ಮಾಡಿದರು, ಲಿಯೊಂಗನನ್ನು ಒಂದು ಸಲ. ಸಬ್ರಿ ಪಾಸಾದ, ಹೇಗೆ ಪಾಸಾದ ಎಂದು ಅವನಿಗೇ ಇವತ್ತಿಗೂ ಗೊತ್ತಿಲ್ಲ. ಅವರ ಬೆತ್ತದ ರುಚಿ ಮೂವರ ಅಂಗೈಗೂ ಚೆನ್ನಾಗಿ ಗೊತ್ತು.

ನಿವೃತ್ತರಾದ ಮೇಲೆ ಅವರು 'ಸೆತಿಯಾ' ಎಂಬ ಮೂವತ್ತಾರು ಅಡಿಯ ಹಳೆಯ ಹಾಯಿದೋಣಿ ಕೊಂಡರು. ಒಳ್ಳೆಯ ದೋಣಿ. ಆದರೆ ಕೋಣೆಗೆ ಇಳಿಯುವ ಮೆಟ್ಟಿಲ ಕೆಳಗೇ ಇಂಜಿನ್ನು ಇರುವುದರಿಂದ ಅದು ಶುರುವಾದರೆ ಒಳಗೆ ಕೂತವರಿಗೆ ಮಾತು ಕೇಳಿಸುತ್ತಿರಲಿಲ್ಲ. ಚೆಗು ತರಗತಿಯಲ್ಲೇ ಗಲಾಟೆ ಸಹಿಸಿದವರಲ್ಲ, ಇನ್ನು ಇಂಜಿನ್ನಿನದು ಸಹಿಸುತ್ತಾರೆಯೆ? ತಾವೇ ಅಳತೆ ತೆಗೆದು, ತಾವೇ ಲೆಕ್ಕ ಹಾಕಿ, ಇಂಜಿನ್ನು ಕೂತಿದ್ದ ಮರದ ಪೆಟ್ಟಿಗೆಯ ಗೋಡೆಗಳಿಗೂ ಮುಚ್ಚಳಕ್ಕೂ ಒಳಗಿನಿಂದ ನಾಲ್ಕು ಬೆರಳು ದಪ್ಪದ ಫೋಮ್ ಅಂಟಿಸಿದರು. ಸಂದುಗೊಂದುಗಳಿಗೆಲ್ಲ ರಬ್ಬರ್ ಪಟ್ಟಿ ತುರುಕಿದರು. ಇಂಜಿನ್ನು ಉಸಿರಾಡಲು ಒಂದು ಕೊಳವೆಯನ್ನು ಹೊರಗಿನಿಂದ ನೇರ ಅದರ ಬಾಯಿಗೇ ಜೋಡಿಸಿದರು. ಆ ಪೆಟ್ಟಿಗೆಯಲ್ಲಿ ಇನ್ನೊಂದು ಜೀವವೂ ಉಸಿರಾಡಬೇಕು ಎಂಬುದು ಅವರಿಗೆ ಮರೆತುಹೋಯಿತು.

ಆ ಇನ್ನೊಂದು ಜೀವವೇ ಆಲ್ಟರ್ನೇಟರ್. ತೆಂಗಿನಕಾಯಿ ಗಾತ್ರದ ಯಂತ್ರ. ಇಂಜಿನ್ನಿನ ಬೆಲ್ಟಿಗೆ ಸಿಕ್ಕಿಕೊಂಡು ತಿರುಗುತ್ತ ಬ್ಯಾಟರಿಗೆ ಕರೆಂಟು ತುಂಬುತ್ತದೆ. ದುಡಿದಷ್ಟೂ ಬಿಸಿಯಾಗುತ್ತದೆ, ತನ್ನ ಪುಟ್ಟ ಫ್ಯಾನಿನಿಂದ ಸುತ್ತಲಿನ ಗಾಳಿ ಎಳೆದುಕೊಂಡು ತಣ್ಣಗಾಗುತ್ತದೆ. ಸುತ್ತ ಗಾಳಿ ಇದ್ದರೆ.

ಸಾಲದ್ದಕ್ಕೆ ಅದೇ ತಿಂಗಳು ಚೆಗು ಹಳೆಯ ಸೀಸದ ಬ್ಯಾಟರಿ ತೆಗೆದು ಹೊಸ ಲಿಥಿಯಂ ಬ್ಯಾಟರಿ ಹಾಕಿಸಿಕೊಂಡರು. ಸೀಸದ ಬ್ಯಾಟರಿಗಳು ನಮ್ಮ ಊರಿನವರ ಹಾಗೆ, ದಾಕ್ಷಿಣ್ಯದವು. ಮುಕ್ಕಾಲು ಹೊಟ್ಟೆ ತುಂಬುತ್ತಲೇ ಎಲೆಯ ಮೇಲೆ ಕೈ ಅಡ್ಡ ಹಿಡಿದು ಸಾಕು ಸಾಕು ಎನ್ನುತ್ತವೆ. ಆಲ್ಟರ್ನೇಟರಿಗೆ ಸುಧಾರಿಸಿಕೊಳ್ಳಲು ಪುರಸೊತ್ತು ಸಿಗುತ್ತದೆ. ಲಿಥಿಯಮ್ಮಿಗೆ ಆ ಮರ್ಯಾದೆ ಇಲ್ಲ. ಬಡಿಸಿದಷ್ಟನ್ನೂ ಕೊನೆಯ ತನಕ ಒಂದೇ ಸಮ ನುಂಗುತ್ತದೆ. ಬಡಿಸುವವನ ಕೈ ಬಿದ್ದುಹೋದರೂ ಅದಕ್ಕೆ ಕರುಣೆ ಇಲ್ಲ.

ಮೊದಲ ಆಲ್ಟರ್ನೇಟರ್ ಎರಡು ತಿಂಗಳಿಗೆ ಸುಟ್ಟಿತು. ನಾನು ಬಿಚ್ಚಿ ನೋಡಿದೆ. ಒಳಗಿನ ತಾಮ್ರದ ಸುರುಳಿ ಪಾಕ ಸೀದ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಕಾರಣ ಏನೆಂದು ಆಗಲೇ, ಪೆಟ್ಟಿಗೆಯೊಳಗೆ ಕೈ ಇಟ್ಟ ಕ್ಷಣವೇ ಗೊತ್ತಾಯಿತು. ಕೈ ಇಟ್ಟವರಿಗೆಲ್ಲ ಗೊತ್ತಾಗುವಂಥದ್ದೇ. ಚೆಗು ಮೇಲೆ ನಿಂತು, ಏನಪ್ಪಾ ತೊಂದರೆ, ಎಂದು ಕೇಳಿದರು. ನಾನು ಬಾಯಿ ತೆರೆದೆ. ಸಾಮಾನು ಸ್ವಲ್ಪ ಕಳಪೆ ಬಂದಿದೆ ಅನ್ನಿಸುತ್ತದೆ ಚೆಗು, ಎಂಬ ಮಾತು ಹೊರಗೆ ಬಂತು.

ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ತಾವಿಲ್ಲ ಎನ್ನುತ್ತಾರೆ. ಎರಡನೆಯದು ಸುಟ್ಟಾಗ ನಾನು ಶ್ರದ್ಧೆಯಿಂದ ತಪಾಸಣೆಯ ನಾಟಕ ಆಡಿದೆ. ಸರಿಯಾಗಿಯೇ ಇದ್ದ ಬೆಲ್ಟನ್ನು ಸಡಿಲಿಸಿ ಮತ್ತೆ ಬಿಗಿದೆ. ಹೊಳೆಯುತ್ತಿದ್ದ ವೈರಿನ ತುದಿಗಳನ್ನು ಉಪ್ಪುಕಾಗದದಿಂದ ಇನ್ನಷ್ಟು ಹೊಳೆಸಿದೆ. ಮೀಟರ್ ಹಿಡಿದು ಅಲ್ಲಿ ಇಲ್ಲಿ ಚುಚ್ಚಿ ಹೂಂ ಎಂದೆ. ನಡುನಡುವೆ ಸೂಚನೆ ಕೊಡುವ ಪ್ರಯತ್ನವನ್ನೂ ಮಾಡಿದೆನೆನ್ನಿ. ಒಳಗೆ ಸ್ವಲ್ಪ ಸೆಕೆ ಅಲ್ಲವೇ ಚೆಗು, ಎಂದೆ. ಅವರು ಪಾಪ, ಕೋಣೆಯ ಫ್ಯಾನನ್ನು ನನ್ನ ಕಡೆ ತಿರುಗಿಸಿ, ಐಸ್ ಹಾಕಿದ ಕಬ್ಬಿನ ಹಾಲು ಕೊಡಿಸಿದರು.

ಲಿಯೊಂಗ್ ನನಗಿಂತ ಜಾಣ. ಇಂಜಿನ್ನಿನ ಎಣ್ಣೆ ಬದಲಾಯಿಸಿದ ನೆಪದಲ್ಲಿ ಪೆಟ್ಟಿಗೆಯ ಮುಚ್ಚಳ ಹಾಕುವುದನ್ನು 'ಮರೆತು' ಮನೆಗೆ ಹೋದ. ಸಂಜೆ ಚೆಗು ಫೋನ್ ಮಾಡಿ, ಶಾಲೆಯಲ್ಲಿ ಹೇಗಿದ್ದೆಯೋ ಈಗಲೂ ಹಾಗೇ ಇದ್ದೀಯ, ಎಂದು ಗದರಿ, ತಾವೇ ಮುಚ್ಚಳ ಹಾಕಿ ಗುದ್ದಿ ಕೂರಿಸಿದರು. ಸಬ್ರಿ, ಕಿಟಕಿಯೇ ಇಲ್ಲದ ಮನೆ ಕಟ್ಟಿಸಿ ಮೂರ್ಛೆ ಹೋದ ತನ್ನ ಸೋದರಮಾವನ ಕಥೆ ಹೇಳಿದ. ಅಂಥ ಮಾವ ಅವನಿಗಿಲ್ಲ. ಚೆಗು ಕನ್ನಡಕ ಸರಿಮಾಡಿಕೊಂಡು, ಮಾವನ ಮನೆಗೆ ಎಲ್ಲಿ ಎಷ್ಟು ಕಿಟಕಿ ಇಡಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟರು. ಲೆಕ್ಕ ತಪ್ಪಿಲ್ಲದೆ ಇತ್ತು.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಕಾಫಿ ಅಂಗಡಿಯಲ್ಲಿ ಮೂವರೂ ಕೂತು ಇದನ್ನೇ ಮಾತಾಡುತ್ತಿದ್ದೆವು. ನೀನು ಹೇಳು, ನೀನು ಹೇಳು, ಎಂದು ರೊಟ್ಟಿ ಮುಗಿಯುವ ತನಕ ವಾದ ಮಾಡಿ, ಮುಂದಿನ ಸಲ ನೋಡೋಣ ಎಂದು ಎದ್ದುಹೋಗುತ್ತಿದ್ದೆವು. ಹಾಗೆ ಮೂರನೆಯದೂ ಸುಟ್ಟಿತು.

ಅಷ್ಟು ಹೊತ್ತಿಗೆ ಡಿಸೆಂಬರ್ ಬಂತು, ಈಶಾನ್ಯದ ಗಾಳಿ ಹಿಡಿಯಿತು. ಚೆಗು ಸಬಂಗಿಗೆ ಹೊರಡುವ ದಿನ ಗೊತ್ತುಮಾಡಿದರು. ಸಬಂಗ್ ಅಂದರೆ ಜಲಸಂಧಿ ದಾಟಿ ಆಚೆ ಕಡೆ, ಮೂರು ಹಗಲು ಮೂರು ರಾತ್ರಿಯ ದಾರಿ. ಗಾಳಿ ನಿಂತ ಕಡೆ ಇಂಜಿನ್ನೇ ಗತಿ. ದೊಡ್ಡ ಹಡಗುಗಳ ದಾರಿಗೆ ಅಡ್ಡ ಬಿದ್ದಾಗಲಂತೂ ಅದನ್ನು ಆರಿಸುವ ಮಾತೇ ಇಲ್ಲ. ನಿವೃತ್ತಿಯಾದ ಮೇಲೆ ನಿನ್ನನ್ನು ಸಬಂಗಿಗೆ ಕರೆದೊಯ್ಯುತ್ತೇನೆ ಎಂದು ಅವರು ಹೆಂಡತಿ ರೊಕಿಯಾ ಅವರಿಗೆ, ನಾವೆಲ್ಲ ಚಿಕ್ಕಮ್ಮ ಎನ್ನುವವರಿಗೆ, ಮದುವೆಯಾದ ಹೊಸತರಲ್ಲಿ ಮಾತು ಕೊಟ್ಟಿದ್ದರಂತೆ. ನಾಲ್ಕನೆಯ ಆಲ್ಟರ್ನೇಟರನ್ನು ನಾನೇ ಕೂರಿಸಿದೆ. ಕೂರಿಸಿ ಬಂದ ಮೇಲೆ ಎರಡು ದಿನ ಊಟ ರುಚಿಸಲಿಲ್ಲ. ಫೋಮ್ ಸುಡುವ ವಸ್ತು, ನಡುನೀರಿನಲ್ಲಿ ಓಡಿಹೋಗಲು ಅಂಗಳ ಇರುವುದಿಲ್ಲ.

ಹೊರಡುವುದಕ್ಕೆ ನಾಲ್ಕು ದಿನ ಇದೆ ಎನ್ನುವಾಗ ಬೆಳಿಗ್ಗೆ ಚಿಕ್ಕಮ್ಮ ನನ್ನ ಅಂಗಡಿಗೆ ಬಂದರು. ಕೈಚೀಲದ ತುಂಬ ಒಣ ನೆತ್ತಲಿ ಮೀನು, ಸಂಬಲ್ ಎಂಬ ಖಾರದ ಚಟ್ನಿಯ ಬಾಟಲಿಗಳು. ದಾರಿಗೆ ಕಟ್ಟಿಕೊಳ್ಳಲು ಪೇಟೆಯಿಂದ ತಂದದ್ದು. ಸ್ಟೂಲಿನ ಮೇಲೆ ಕೂತು, ಹಿಂದಿನ ಸಲ ಮೆಟ್ಟಿಲ ಮೇಲೆ ಕೂತಿದ್ದಾಗ ಅಂಗಾಲು ಸುಟ್ಟಿತು, ಆಮೇಲೆ ಹೊಗೆ ಬಂತು, ಚಹಾದ ಕೆಟಲನ್ನೇ ಮೇಲೆ ಸುರಿದೆ, ಎಂದು ನಿಧಾನವಾಗಿ ಹೇಳಿದರು. ಇದನ್ನು ಚೆಗು ನಮಗೆ ಹೇಳಿರಲಿಲ್ಲ.

"ಈಗ ನೀನು ಒಂದೇ ಮಾತು ಹೇಳು, ರಶ್ದಾನ್. ನಾನು ಆ ದೋಣಿ ಹತ್ಲಾ, ಬೇಡ್ವಾ?"

ಸಮುದ್ರ ಅಂದಮೇಲೆ ಚಿಕ್ಕಮ್ಮ, ಎಂದು ನಾನು ರಾಗ ಎಳೆದೆ.

"ಸಮುದ್ರದ ವಿಷ್ಯ ನಾನು ಕೇಳ್ಲಿಲ್ಲ. ಸಮುದ್ರ ನಂಗೂ ಗೊತ್ತು, ನಮ್ಮಪ್ಪ ಮೀನು ಹಿಡೀತಿದ್ದ. ಹತ್ಲಾ, ಬೇಡ್ವಾ?"

ನಾಳೆ ಬಂದು ಇನ್ನೊಂದು ಸಲ ನೋಡುತ್ತೇನೆ, ಎಂದೆ.

"ಎರಡು ವರ್ಷದಿಂದ ನೋಡ್ತಾನೇ ಇದೀಯಲ್ಲಪ್ಪ," ಎಂದು ಅವರು ಚೀಲ ಎತ್ತಿಕೊಂಡು ಹೊರಟರು. ಬೈದಿದ್ದರೆ ವಾಸಿಯಿತ್ತು.

ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. ಹೇಳಿದರೆ ಅವರ ಮಾನ, ಬಿಟ್ಟರೆ ಇಬ್ಬರ ಪ್ರಾಣ. ಇದನ್ನು ತೂಗಲು ಎರಡು ವರ್ಷ ಬೇಕಾಗಿತ್ತೆ? ಆದರೂ ನೇರವಾಗಿ ಹೇಳುವ ಧೈರ್ಯ ಬರಲಿಲ್ಲ, ಒಂದು ಉಪಾಯ ಬಂತು. ಚೆಗು ಮನುಷ್ಯರ ಮಾತು ಕೇಳದಿದ್ದರೂ ಪ್ರಯೋಗದ ಮಾತು ಕೇಳಿಯಾರು. ಸಬ್ರಿಯ ಹತ್ತಿರ ಒಂದು ಥರ್ಮಾಮೀಟರ್ ಇದೆ. ಉದ್ದ ವೈರಿನ ತುದಿಯ ಕಡ್ಡಿಯನ್ನು ಎಲ್ಲಿ ಇಡುತ್ತೀರೋ ಅಲ್ಲಿನ ಬಿಸಿಯನ್ನು ದೂರದಲ್ಲಿ ಕೂತು ಓದಬಹುದು. ಅವನು ಯಾಕೆ ಬೇಕು ಎಂದು ಕೇಳಿ, ತಿಳಿದ ಕೂಡಲೇ ಅದನ್ನು ಕೈಗಿಟ್ಟು, ನನ್ನ ಹೆಸರು ಮಾತ್ರ ಹೇಳಬೇಡ ಮಾರಾಯ, ಎಂದು ಅಂಗಡಿಯ ಬಾಗಿಲು ಎಳೆದುಕೊಂಡ.

ಮರುದಿನ ಹತ್ತು ಗಂಟೆಗೆ ದೋಣಿಯಲ್ಲಿದ್ದೆ. ಚಿಕ್ಕಮ್ಮ ಒಲೆಯ ಹತ್ತಿರ ಈರುಳ್ಳಿ ಹೆಚ್ಚುತ್ತಿದ್ದರು, ನನ್ನ ಕಡೆ ತಿರುಗಿ ನೋಡಲಿಲ್ಲ. ಚೆಗು ಹೊಸ ಬಿಳಿ ಟೋಪಿ ಹಾಕಿಕೊಂಡು ನಕಾಶೆ ಹರಡಿಕೊಂಡಿದ್ದರು. ನಾನು ಶಿಷ್ಯನ ದನಿಯಲ್ಲೇ ಶುರುಮಾಡಿದೆ. ಆಲ್ಟರ್ನೇಟರ್ ಹೇಗೆ ತಣ್ಣಗಾಗುತ್ತದೆ ಎಂದು ನನಗೆ ಇನ್ನೊಮ್ಮೆ ಹೇಳಿಕೊಡಿ ಚೆಗು, ನನಗದು ಸರಿಯಾಗಿ ತಲೆಗೆ ಹತ್ತಲೇ ಇಲ್ಲ.

ಅವರ ಮುಖ ಅರಳಿತು. ಅರ್ಧ ಗಂಟೆ ಪಾಠ ನಡೆಯಿತು. ಎಂಥ ಪಾಠ! ನಕಾಶೆಯ ಬೆನ್ನಿಗೆ ಚಿತ್ರ ಬರೆದು, ಶಾಖ ಎಲ್ಲಿ ಹುಟ್ಟುತ್ತದೆ, ಫ್ಯಾನು ಗಾಳಿಯನ್ನು ಹೇಗೆ ಎಳೆಯುತ್ತದೆ, ಆ ಗಾಳಿ ಶಾಖವನ್ನು ಹೊತ್ತು ಹೇಗೆ ಹೋಗುತ್ತದೆ ಎಂದು ಎಳೆಎಳೆಯಾಗಿ ಬಿಡಿಸಿದರು. ಒಂದು ಅಕ್ಷರವೂ ತಪ್ಪಿರಲಿಲ್ಲ. ತಣ್ಣನೆಯ ಗಾಳಿ ಎಲ್ಲಿಂದ ಬರುತ್ತದೆ ಚೆಗು, ಎಂದು ಕೇಳಿದೆ. ಹೊರಗಿನಿಂದ, ಎಂದು ನೀಲಿ ಪೆನ್ಸಿಲ್ಲಿನಿಂದ ಬಾಣ ಎಳೆದರು. ಆ ಬಾಣ ಮರದ ಪೆಟ್ಟಿಗೆಯನ್ನೂ ನಾಲ್ಕು ಬೆರಳಿನ ಫೋಮನ್ನೂ ರಬ್ಬರ್ ಪಟ್ಟಿಯನ್ನೂ ಒಂದು ಗೀರೂ ಆಗದೆ ದಾಟಿಕೊಂಡು ಒಳಗೆ ಹೋಯಿತು. ನಾನು ಆ ಜಾಗವನ್ನೇ ನೋಡುತ್ತ ಕೂತೆ. ಅವರು, ಈಗ ಅರ್ಥವಾಯಿತಲ್ಲ, ಎಂದು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡರು.

ಹಾಗಾದರೆ ಅಳೆದು ನೋಡೋಣವೇ, ಎಂದೆ. ಪ್ರಯೋಗ ಎಂದರೆ ಅವರಿಗೆ ಹಬ್ಬ. ಥರ್ಮಾಮೀಟರಿನ ಕಡ್ಡಿಯನ್ನು ಆಲ್ಟರ್ನೇಟರಿನ ಮೈಗೆ ಕಟ್ಟಿ, ವೈರನ್ನು ಹೊರಗೆ ಬಿಟ್ಟು, ಪೆಟ್ಟಿಗೆ ಮುಚ್ಚಿ, ಇಂಜಿನ್ ಶುರುಮಾಡಿದೆವು. ಚೆಗು ಮುಚ್ಚಳದ ಮೇಲೆ ತಟ್ಟಿ, ಕೇಳಿಸುತ್ತಿದೆಯೇ ಸದ್ದು, ಎಂದರು. ನಿಜಕ್ಕೂ ಕೇಳಿಸುತ್ತಿರಲಿಲ್ಲ. ಬಿಸಿ ಹೆಚ್ಚಾದರೆ ಅರಚಿಕೊಳ್ಳುವ ಅಲಾರಂ ಕೂಡ ಆ ಪೆಟ್ಟಿಗೆಯೊಳಗೇ ಇತ್ತು. ಅದು ಎರಡು ವರ್ಷದಿಂದ ಯಾರಿಗೂ ಕೇಳಿಸದ ಹಾಗೆ ಅರಚಿಕೊಂಡಿರಬೇಕು.

ಇಪ್ಪತ್ತು ನಿಮಿಷಕ್ಕೆ ಅಂಕಿ ನೂರ ಇಪ್ಪತ್ತೊಂದಕ್ಕೆ ಬಂತು. ವಾರ್ನಿಷ್ ಕಾದ ವಾಸನೆ ಸಣ್ಣಗೆ ಬರತೊಡಗಿತು. ನಾನು ಮುಚ್ಚಳ ತೆಗೆದು ಗೋಡೆಗೆ ಒರಗಿಸಿದೆ. ಸದ್ದಿಗೆ ಕಿವಿ ತೂತಾಗುವಂತಾಯಿತು. ಕಾಲು ಗಂಟೆಯಲ್ಲಿ ಅಂಕಿ ಎಂಬತ್ತೆಂಟಕ್ಕೆ ಇಳಿಯಿತು. ಇಂಜಿನ್ ಆರಿಸಿದೆ. ಒಂದನೇ ಕ್ಲಾಸಿನ ಮಗುವಿಗೂ ಗೊತ್ತಾಗುವ ಪ್ರಯೋಗ, ಇನ್ನು ನಾನು ಬಾಯಿ ಬಿಡಬೇಕಾಗಿಲ್ಲ ಎಂದು ಹಾಯೆನಿಸಿತು.

"ಈ ಥರ್ಮಾಮೀಟರ್ ಸರಿಯಿಲ್ಲ," ಎಂದರು ಚೆಗು.

ಚಿಕ್ಕಮ್ಮ ಕೆಟಲಿಗೆ ನೀರು ಹಾಕಿ ಒಲೆಯ ಮೇಲಿಟ್ಟರು. ಥರ್ಮಾಮೀಟರ್ ಸರಿಯಿದೆಯೇ ಎಂದು ಕುದಿಯುವ ನೀರಿನಲ್ಲಿ ಅದ್ದಿ ನೋಡಬೇಕೆಂದು ಚೆಗು ಊರಿಗೆಲ್ಲ ಕಲಿಸಿದ್ದರು, ಹೆಂಡತಿಗೆ ಬಾರದಿರುತ್ತದೆಯೆ? ನೀರು ಕುದಿಯಿತು. ಕಡ್ಡಿ ಅದ್ದಿದೆವು. ಅಂಕಿ ತೊಂಬತ್ತೊಂಬತ್ತಕ್ಕೆ ಬಂದು ನಿಂತಿತು.

ಚೆಗು ಅವರ ಕಣ್ಣು ಮಿನುಗಿತು. "ನೋಡಿದ್ಯಾ? ನೂರು ಬರ್ಬೇಕು. ನಾವು ಕೂತಿರೋದು ಸಮುದ್ರದ ಮೇಲೇನೇ. ಒಂದು ಡಿಗ್ರಿ ಕಮ್ಮಿ ತೋರಿಸ್ತಿದೆ."

"ಹಾಗಾದ್ರೆ ಒಳಗೆ ಇದ್ದದ್ದು ನೂರ ಇಪ್ಪತ್ತೊಂದಲ್ಲ, ಚೆಗು. ನೂರ ಇಪ್ಪತ್ತೆರಡು."

ಇದನ್ನು ಹೇಳಿದ್ದು ಯಾರು ಎಂದು ನಾನೂ ಒಂದು ಕ್ಷಣ ಸುತ್ತ ನೋಡಿದೆ. ನನ್ನ ಅಂಗೈ ತಂತಾನೇ ಬೆವರಿತು. ನಲವತ್ತೇಳು ವರ್ಷದ ಮನುಷ್ಯನ ಅಂಗೈ. ಚಿಕ್ಕಮ್ಮ ಚಾಕು ಹಿಡಿದ ಕೈ ಹಾಗೇ ನಿಲ್ಲಿಸಿದರು.

ಚೆಗು ನಕಾಶೆಯ ಬೆನ್ನಿನ ಚಿತ್ರವನ್ನು ಹತ್ತಿರ ಎಳೆದುಕೊಂಡು ನೋಡಿದರು. ನೀಲಿ ಬಾಣದ ಮೇಲೆ ಬೆರಳಿಟ್ಟು, ಅದು ಪೆಟ್ಟಿಗೆಯ ಗೆರೆಯನ್ನು ದಾಟುವ ಕಡೆ ತಂದು ನಿಲ್ಲಿಸಿದರು. ಆಮೇಲೆ ಟೋಪಿ ತೆಗೆದು ಪಕ್ಕಕ್ಕಿಟ್ಟರು.

"ನಿಂಗೆ ಇದು ಯಾವಾಗಿಂದ ಗೊತ್ತು?"

ಮೊದಲನೆಯದನ್ನು ಬಿಚ್ಚಿದ ದಿನದಿಂದ, ಎಂದೆ.

"ಲಿಯೊಂಗನಿಗೆ?"

ಅವನಿಗೂ ಗೊತ್ತು.

"ಸಬ್ರಿ?"

ಥರ್ಮಾಮೀಟರ್ ಅವನದೇ, ಎಂದೆ. ಹೆಸರು ಹೇಳಬೇಡ ಎಂದಿದ್ದ. ಆದರೆ ಚೆಗು ಕೇಳುವಾಗ ಸುಳ್ಳು ಹೇಳಲು ಆಗಲಿಲ್ಲ. ಎರಡು ವರ್ಷ ಹೇಳಿದ್ದು ಏನು ಎಂದು ಮಾತ್ರ ಕೇಳಬೇಡಿ.

ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಆಗಿದ್ದರೆ ಒಳ್ಳೆಯದಿತ್ತು, ಅದು ನನಗೆ ಅಭ್ಯಾಸವಿದೆ. ಅವರು ಮೆಟ್ಟಿಲ ಮೇಲೆ ಕೂತರು, ಒಮ್ಮೆಗೇ ಹತ್ತು ವರ್ಷ ವಯಸ್ಸಾದವರ ಹಾಗೆ ಕಂಡರು. ಆಮೇಲೆ ನನಗಲ್ಲ, ಚಿಕ್ಕಮ್ಮನಿಗೂ ಅಲ್ಲ, ಒಲೆಯ ಕಡೆ ನೋಡಿಕೊಂಡು ಹೇಳಿದರು.

"ಪ್ರತಿ ದಿನ ಪಾಠ ಮುಗಿದ್ಮೇಲೆ, ಯಾರಿಗಾದ್ರೂ ಅನುಮಾನ ಇದೆಯೇನ್ರೋ, ಕೈ ಎತ್ತಿ ಅಂತ ಕೇಳ್ತಿದ್ದೆ. ಮೂವತ್ತೊಂದು ವರ್ಷ ಒಂದು ಕೈನೂ ಏಳ್ಲಿಲ್ಲ. ನಾನು ಅಷ್ಟು ಚೆನ್ನಾಗಿ ಪಾಠ ಮಾಡ್ತೀನಿ ಅಂದ್ಕೊಂಡಿದ್ದೆ."

ನೀವು ಚೆನ್ನಾಗಿಯೇ ಪಾಠ ಮಾಡುತ್ತಿದ್ದಿರಿ ಚೆಗು, ಎಂದು ಹೇಳಬೇಕೆನಿಸಿತು. ಅದು ನಿಜವೂ ಹೌದು. ಆದರೆ ಆ ಹೊತ್ತಿನಲ್ಲಿ ಅದು ಇನ್ನೊಂದು ದಾಕ್ಷಿಣ್ಯದ ಮಾತಾಗಿ ಕೇಳಿಸುತ್ತಿತ್ತು. ನುಂಗಿಕೊಂಡೆ.

ಚಿಕ್ಕಮ್ಮ ಈರುಳ್ಳಿಯ ಚಾಕುವನ್ನೇ ತಂದು ಪೆಟ್ಟಿಗೆಯ ಮುಂದೆ ಮೊಣಕಾಲೂರಿ ಫೋಮ್ ಕೊಯ್ಯಲು ಶುರುಮಾಡಿದರು. ಮೀನು ಹಸನು ಮಾಡುವ ಕೈ, ಒಂದೇ ಎಳೆತಕ್ಕೆ ಮೊಳದುದ್ದ ತುಂಡು ಬಂತು. ಮುಂಭಾಗ ಕತ್ತರಿಸಿ ಎರಡು ಗಾಳಿಕಿಂಡಿ ಕೊರೆಯಬೇಕು, ಬಿಸಿ ಗಾಳಿ ಹೊರಗೆಳೆಯಲು ಒಂದು ಫ್ಯಾನು ಹಾಕಬೇಕು, ಬ್ಯಾಟರಿ ಎಷ್ಟು ಕೇಳಿದರೂ ಅರ್ಧದಷ್ಟೇ ಬಡಿಸುವ ಹಾಗೆ ಆಲ್ಟರ್ನೇಟರಿಗೆ ಕಟ್ಟು ಹಾಕಬೇಕು, ಎಂದು ನಾನು ಹೇಳಿದೆ. ಒಂದು ದಿನದ ಕೆಲಸ. ಚೆಗು ತಲೆಯಾಡಿಸಿದರು. ಸದ್ದಾಗುತ್ತದೆ, ಎಂದರು ಸಣ್ಣಗೆ. ಆಗಲಿ, ಎಂದರು ಚಿಕ್ಕಮ್ಮ, ಫೋಮಿನ ಧೂಳಿನ ನಡುವಿನಿಂದ.

ನಾನು ಉಪಕರಣದ ಪೆಟ್ಟಿಗೆ ತೆರೆದೆ. ಚೆಗು ನನ್ನ ಹೆಗಲ ಮೇಲೆ ಕೈ ಇಟ್ಟರು.

"ರಶ್ದಾನ್. ಈ ದೋಣಿಯಲ್ಲಿ ನಾನು ಮಾಡಿರೋದ್ರಲ್ಲಿ ಇನ್ನೇನಾದ್ರೂ ತಪ್ಪಿದೆಯಾ?"

"ಏನೂ ಇಲ್ಲ, ಚೆಗು."

ಇದು ನನ್ನ ಬಾಯಿ ಹೇಳಿದ್ದು, ನನ್ನನ್ನು ಕೇಳದೆ. ಎಂಜಲು ನುಂಗಿದಷ್ಟು ಸಲೀಸಾಗಿ ಬಂತು. ಚಿಕ್ಕಮ್ಮ ಚಾಕುವನ್ನು ಕೆಳಗಿಟ್ಟು, ಕೂದಲಿಗೆ ಅಂಟಿದ ಫೋಮನ್ನು ಕೊಡವಿಕೊಂಡು, ನನ್ನ ಮುಖವನ್ನೇ ನೋಡಿದರು.

"ಹಾಗಾದ್ರೆ ನಾನು ಹತ್ತಬಹುದಾ?"

ನಾನು ಅವರನ್ನು ನೋಡಿದೆ, ನಕಾಶೆಯನ್ನು ನೋಡಿದೆ, ನನ್ನ ಚಪ್ಪಲಿಯನ್ನು ನೋಡಿದೆ.

"ಇನ್ನೂ ಏಳು ತಪ್ಪಿದೆ, ಚೆಗು," ಎಂದೆ.

ಚೆಗು ನೋಟ್‌ಬುಕ್ಕು ತೆಗೆದುಕೊಂಡು, ನನ್ನನ್ನು ಬೆಂಚಿನ ಮೇಲೆ ಕೂರಿಸಿ, ತಾವು ಕೆಳಗಿನ ಮೆಟ್ಟಿಲ ಮೇಲೆ ಕೂತರು. ಕಿವಿಯಿಂದ ಪೆನ್ಸಿಲ್ ತೆಗೆದು ಹಾಳೆಯ ಎಡಗಡೆ ಒಂದರಿಂದ ಏಳರ ತನಕ ಅಂಕಿ ಹಾಕಿಕೊಂಡರು.

"ನಿಧಾನವಾಗಿ ಹೇಳು," ಎಂದರು. "ಬರ್ಕೋತೀನಿ."